ನೀಲಾಳ ಹುಡುಕಾಟವನ್ನು ಅವನ ಕೈಗೆ ಕೊಡಬೇಡಿ

ಪ್ರಶ್ನೆ: ನಾನು ಕಲಬುರಗಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕಿ ನೀಲಾಗೆ 41 ವರ್ಷ. ಪುಣೆಯಲ್ಲಿ 16 ವರ್ಷ ಸಂಸಾರ ಮಾಡಿ, ಗಂಡನಿಂದ ಬೇರೆಯಾಗಿ, ಹೈಸ್ಕೂಲು ಓದುವ ಮಗಳ ಜೊತೆ ಕಲಬುರಗಿಯ ತವರಿಗೆ ಬರುತ್ತಾಳೆ. ಬೀದರಿನಲ್ಲಿ ಬಿದ್ರಿ ಕೆಲಸ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಲೆ) ಮಾಡುವ ಒಬ್ಬನ ಪರಿಚಯವಾಗುತ್ತದೆ. ಅವನಿಂದ ಕಲೆ ಕಲಿಯುತ್ತಾ ತನ್ನನ್ನು ತಾನು ಕಂಡುಕೊಳ್ಳುತ್ತಾಳೆ, ಪ್ರೀತಿಯೂ ಹುಟ್ಟುತ್ತದೆ. ಮೊದಲ ಹತ್ತು ಅಧ್ಯಾಯ ಕಳಿಸಿದ್ದೇನೆ. ಓದಿದ ಒಬ್ಬ ಗೆಳತಿ ‘ಕೊನೆಗೆ ಮದುವೆ ಆಗದಿದ್ದರೆ ಇದೆಂಥ ಪ್ರೇಮಕಥೆ’ ಅನ್ನುತ್ತಾಳೆ. ಇನ್ನೊಬ್ಬಳು ‘ಮತ್ತೆ ಮದುವೆ ಆಗೋದಾದ್ರೆ ಅವಳು ಕಂಡುಕೊಂಡಿದ್ದೇನು’ ಅನ್ನುತ್ತಾಳೆ. ಯಾರ ಮಾತು ಸರಿ? ಕಲಬುರಗಿ ಮಾತನ್ನು ಕಾದಂಬರಿಯಲ್ಲಿ ಎಷ್ಟು ಬಳಸಬಹುದು?

ಉತ್ತರ: ಅಕ್ಕೋರೆ, ಹತ್ತೂ ಅಧ್ಯಾಯ ಓದಿದೆ. ನೀಲಾ ನನಗೆ ಭಾಳ ಇಷ್ಟವಾದಳು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಗೆಳತಿಯರು ಕೊನೆಯ ಅಧ್ಯಾಯದ ಬಗ್ಗೆ ವಾದ ಮಾಡುತ್ತಿದ್ದಾರೆ. ತೊಡಕು ಇರುವುದು ನಾಲ್ಕನೆಯ ಅಧ್ಯಾಯದಲ್ಲಿ. ಅಲ್ಲಿ ಅವನು ನೀಲಾಳ ಕೈಗೆ ಉಳಿ ಕೊಡುತ್ತಾನೆ. ‘ನಿಮ್ಮ ಕೈಯಾಗ ಕಲೆ ಅದ’ ಅನ್ನುತ್ತಾನೆ. ಅವಳ ಕಣ್ಣು ತುಂಬುತ್ತದೆ. ಅಲ್ಲಿಂದ ಮುಂದೆ ಅವಳಿಗೆ ತನ್ನ ಮೇಲೆ ನಂಬಿಕೆ ಬರುತ್ತಾ ಹೋಗುತ್ತದೆ. ಓದಲು ಚೆನ್ನಾಗಿದೆ, ನಿಜ. ಆದರೆ ಅದರ ಹಿಂದಿನ ಅಧ್ಯಾಯ ನೆನಪು ಮಾಡಿಕೊಳ್ಳಿ. ಪುಣೆಯ ಗಂಡ ‘ನಿನಗೇನೂ ಬರಲ್ಲ’ ಅಂದ, ಅವಳು ನಂಬಿದಳು. ಬೀದರಿನವನು ‘ನಿಮಗೆ ಬರ್ತದ’ ಅಂದ, ಅದನ್ನೂ ನಂಬಿದಳು. ಎರಡು ಸಲವೂ ಅವಳ ಬೆಲೆ ಕಟ್ಟಿದ್ದು ಬೇರೆಯವರು. ಎರಡನೆಯವನು ಒಳ್ಳೆಯವನು ಅನ್ನುವುದಷ್ಟೇ ವ್ಯತ್ಯಾಸ.

ಒಂದು ಕೆಲಸ ಮಾಡಿ ನೋಡಿ. ಹತ್ತನೆಯ ಅಧ್ಯಾಯ ಮುಗಿದ ಮೇಲೆ ಅವನು ಊರು ಬಿಟ್ಟು ಹೋದ ಅಂತ ಅಂದುಕೊಳ್ಳಿ. ಆಗ ನೀಲಾಳ ಕೈಯಲ್ಲಿ ಏನು ಉಳಿಯಿತು? ನೀವು ಬರೆದಿರುವಂತೆ ಏನೂ ಉಳಿಯಲ್ಲ. ಕಲೆ ಅವನದು, ಜಾಗ ಅವನದು, ಅವಳು ಮಾಡಿದ ಹೂದಾನಿ ಮಾರಿಕೊಡುವವನೂ ಅವನೇ. ಹೀಗಿರುವಾಗ ಅವರಿಬ್ಬರ ಮದುವೆ ಮಾಡಿಸಿದರೂ ಬಿಟ್ಟರೂ ನಿಮ್ಮ ಇಬ್ಬರು ಗೆಳತಿಯರಲ್ಲಿ ಒಬ್ಬರಿಗೆ ಮೋಸವಾದ ಹಾಗೆ ಅನಿಸುತ್ತದೆ.

ಬಿದ್ರಿ ಕೆಲಸಕ್ಕೂ ಇದು ನ್ಯಾಯವಲ್ಲ. ಸತು ಮತ್ತು ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಎರೆಯಬೇಕು. ಉಜ್ಜಿ ನಯ ಮಾಡಬೇಕು. ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಚಿತ್ತಾರ ಬರೆದು, ಉಳಿಯಿಂದ ಕೆತ್ತಬೇಕು. ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಬೇಕು. ಆಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟೂ ಕೆಲಸವನ್ನು ಒಬ್ಬರೇ ಮಾಡುವುದು ಕಡಿಮೆ. ಎರಕದವರು ಬೇರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ. ಕೈ ಪಳಗಲು ವರ್ಷಗಳು ಬೇಕು. ನೀಲಾ ಮೂರು ತಿಂಗಳಲ್ಲಿ ಇದನ್ನೆಲ್ಲ ಕಲಿತು ಪ್ರದರ್ಶನಕ್ಕೆ ಇಟ್ಟಳು ಅಂದರೆ ಬೀದರಿನ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ಆ ಕಲೆ ಅವನದಾಗಿಯೇ ಇರಲಿ. ಅವಳು ಪಕ್ಕದಲ್ಲಿ ಕುಳಿತು ನೋಡಲಿ, ಸಾಕು. ಒಬ್ಬ ಮನುಷ್ಯ ಮೈಮರೆತು ಕೆಲಸ ಮಾಡುವುದನ್ನು ನೋಡುತ್ತಲೇ ಪ್ರೀತಿ ಹುಟ್ಟಬಹುದು. ಅದಕ್ಕೆ ಗುರು–ಶಿಷ್ಯೆಯ ನಂಟು ಬೇಕಾಗಿಲ್ಲ.

ಹಾಗಾದರೆ ನೀಲಾಳದ್ದು ಅಂತ ಏನಿರಬೇಕು? ಅದನ್ನು ನೀವೇ ಬರೆದಿದ್ದೀರಿ, ಬರೆದು ಮರೆತಿದ್ದೀರಿ. ಎರಡನೆಯ ಅಧ್ಯಾಯದಲ್ಲಿ ಒಂದು ಸಾಲು ಇದೆ: ‘ಅಪ್ಪ ಹೋದ ಮೇಲೆ ನಾಲ್ಕು ಎಕರೆ ತೊಗರಿ ಹೊಲವನ್ನು ಅಣ್ಣನೇ ನೋಡಿಕೊಳ್ಳುತ್ತಿದ್ದ.’ ನನಗೆ ಆ ಸಾಲಿನ ಹತ್ತಿರವೇ ಕಾದಂಬರಿ ಕಾಣಿಸಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕಾನೂನು ಬದಲಾಗಿದ್ದು 2005ರ ಸೆಪ್ಟೆಂಬರ್ 9ರಿಂದ. ಆ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲೆ ನೀಲಾಳ ಪಾಲು ಗಟ್ಟಿಯಾಗಿದೆ. ಆದರೆ ನಮ್ಮ ಕಡೆ ಮನೆಗಳಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಲ್ಲ. ಅಣ್ಣ ಒಂದು ಕಾಗದ ತರುತ್ತಾನೆ. ತಂಗಿ ಸಹಿ ಹಾಕಿ ಹಕ್ಕು ಬಿಟ್ಟುಕೊಡುತ್ತಾಳೆ. ಯಾರೂ ಬಲವಂತ ಮಾಡಿರುವುದಿಲ್ಲ. ಪಾಲು ಕೇಳಿದರೆ ನಾಳೆ ಪಂಚಮಿಗೆ ಕರೆಯುವವರು ಯಾರು ಅನ್ನುವ ಅಂಜಿಕೆ ಒಂದೇ ಸಾಕಾಗುತ್ತದೆ. ಉಡಿ ತುಂಬಿಸಿಕೊಳ್ಳುವ ಸುಖಕ್ಕೆ ಎಷ್ಟು ಹೆಣ್ಣುಮಕ್ಕಳು ಹೊಲ ಬಿಟ್ಟುಕೊಟ್ಟಿಲ್ಲ ಹೇಳಿ.

ನೀಲಾ ಆ ಕಾಗದಕ್ಕೆ ಸಹಿ ಹಾಕದೇ ಇರಲಿ. ಅದನ್ನೂ ಭಾಷಣ ಮಾಡಿ ಬೇಡ. ‘ನೋಡ್ತೀನಿ, ಇಲ್ಲೇ ಇಡಣ್ಣ’ ಅಂತ ಹೇಳಿ ಒಳಗೆ ಹೋಗಲಿ. ಹದಿನಾರು ವರ್ಷ ಎಲ್ಲದಕ್ಕೂ ಹೂಂ ಅಂದವಳಿಗೆ ಅಷ್ಟು ಹೇಳುವುದೂ ದೊಡ್ಡದು. ಆ ಅಣ್ಣನನ್ನು ಮಾತ್ರ ಖಳನಾಯಕ ಮಾಡಬೇಡಿ, ದಯವಿಟ್ಟು. ಮಳೆ ಬರಲಿ ಹೋಗಲಿ, ಇಷ್ಟು ವರ್ಷ ಆ ಹೊಲದಲ್ಲಿ ಬೆವರು ಸುರಿಸಿದವನು ಅವನು. ಅವನ ಸಿಟ್ಟಿಗೂ ಅರ್ಥ ಇದೆ. ಆ ಅಣ್ಣ–ತಂಗಿಯ ಸಂಕಟವನ್ನು ಸರಿಯಾಗಿ ಬರೆದರೆ ನಿಮ್ಮ ಪ್ರೇಮಕಥೆಗೇ ಬಲ ಬರುತ್ತದೆ.

ಇನ್ನೊಂದು ಲಾಭ ಇದೆ. ತೊಗರಿ ನಿಮ್ಮ ಕಾದಂಬರಿಗೆ ಒಂದು ಕಾಲಪಟ್ಟಿ ಕೊಡುತ್ತದೆ. ಈಗ ನಿಮ್ಮ ಕಥೆಯಲ್ಲಿ ಕಾಲ ಸರಿಯುವುದು ಅವನ ಫೋನು ಬಂದಾಗ ಮಾತ್ರ. ತೊಗರಿ ಯಾರ ಫೋನಿಗೂ ಕಾಯಲ್ಲ. ಜೂನ್–ಜುಲೈ ಮಳೆಗೆ ಬಿತ್ತನೆ. ದಸರಾ, ದೀಪಾವಳಿ ಹೊತ್ತಿಗೆ ಹೂವು. ಮೋಡ ಕವಿದರೆ ಹೂವು ಉದುರುವ ಭಯ, ಕಾಯಿ ಕಟ್ಟಿದರೆ ಕಾಯಿಕೊರಕದ ಹುಳದ ಭಯ. ನೆಟೆ ರೋಗ ಬಿದ್ದರೆ ಹಸಿರಾಗಿ ನಿಂತ ಗಿಡ ಕಣ್ಣೆದುರಿಗೇ ಒಣಗುತ್ತದೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಣ್ಣುತ್ತಾರೆ. ಆಮೇಲೆ ರಾಶಿ, ಅಂದರೆ ಒಕ್ಕಣೆ. ಇಲ್ಲಿ ನಿಮಗೆ ಆರೇಳು ತಿಂಗಳ ಕಥೆ ಸಿಕ್ಕಿತು. ಅಣ್ಣನ ಜೊತೆ ಮಾತು ಬಿಟ್ಟ ನೀಲಾ ಎಳ್ಳಮಾಸಿಗೆ ಹೊಲಕ್ಕೆ ಹೋಗುತ್ತಾಳೋ ಇಲ್ಲವೋ? ನನಗಂತೂ ಅದನ್ನು ಓದಲೇಬೇಕು.

ದುಡ್ಡಿನ ಲೆಕ್ಕವನ್ನೂ ಬರೆಯಿರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಮ್ಮೆಯ ಮಾತು. ಆದರೆ ಅವಳ ಪಾಲಿಗೆ ಬರುವುದು ಹೆಚ್ಚೆಂದರೆ ಎರಡು ಎಕರೆ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಒಳ್ಳೆಯ ವರ್ಷ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಎಲ್ಲ ಸರಿಯಾದರೂ 64ರಿಂದ 80 ಸಾವಿರ, ಅದರಲ್ಲಿ ಬೀಜ, ಔಷಧ, ಆಳಿನ ಖರ್ಚು ಕಳೆಯಬೇಕು. ಇದರಲ್ಲಿ ತಾಯಿ–ಮಗಳ ವರ್ಷ ಸಾಗಲ್ಲ. ಅವಳಿಗೆ ಒಂದು ನೌಕರಿಯೂ ಬೇಕು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ಕೊಡಬಹುದು, ನಮ್ಮೂರಲ್ಲಿ ದಾಲ್ ಮಿಲ್ಲುಗಳಿಗೇನು ಕಡಿಮೆಯೇ? ಪುಣೆಯಲ್ಲಿ ಗಂಡನ ಸಂಬಳದಲ್ಲಿ ಮನೆ ತೂಗಿಸಿದವಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಅವಳಲ್ಲಿ ಮೊದಲಿಂದಲೂ ಇದ್ದು, ಯಾರೂ ಗುರುತಿಸದೇ ಇದ್ದ ಶಕ್ತಿ ಅದು. ಎಪಿಎಂಸಿಗೆ ತೊಗರಿ ಯಾವತ್ತು ತರಬೇಕು, ಈ ವಾರವೇ ಮಾರಬೇಕೋ, ಇನ್ನೂ ತಿಂಗಳು ಕಾಯಬೇಕೋ ಅಂತ ಅವಳೇ ತೀರ್ಮಾನ ಮಾಡಲಿ. ತಪ್ಪು ತೀರ್ಮಾನ ಮಾಡಿ ಹತ್ತು ಸಾವಿರ ಕಳೆದುಕೊಂಡರೂ ಪರವಾಗಿಲ್ಲ. ತಪ್ಪು ಅವಳದ್ದೇ ಆಗಿರುತ್ತದೆ. ನನ್ನ ಮಟ್ಟಿಗೆ ತನ್ನನ್ನು ಕಂಡುಕೊಳ್ಳುವುದು ಅಂದರೆ ಕಾದಂಬರಿಯಲ್ಲಿ ಇಂಥ ಜಾಗದಲ್ಲೇ ಕಾಣಿಸಬೇಕು. ಕನ್ನಡಿ ಮುಂದೆ ನಿಂತು ಅಳುವ ದೃಶ್ಯ ನಿಮ್ಮಲ್ಲಿ ಮೂರು ಇವೆ, ಮೂರನ್ನೂ ತೆಗೆಯಿರಿ.

ಈಗ ಪ್ರೀತಿಗೆ ಬರೋಣ. ಅವಳು ಪೂರ್ತಿ ಗಟ್ಟಿಯಾದ ಮೇಲೆ ಪ್ರೀತಿ ಶುರುವಾಗಲಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಬರೆದರೆ ಮೊದಲರ್ಧ ಒಂದು ಕಾದಂಬರಿ, ಎರಡನೆಯರ್ಧ ಇನ್ನೊಂದು ಕಾದಂಬರಿ ಆಗಿಬಿಡುತ್ತದೆ. ಎರಡೂ ಒಟ್ಟಿಗೇ ನಡೆಯಲಿ, ಆದರೆ ಒಂದಕ್ಕೊಂದು ಡಿಕ್ಕಿ ಹೊಡೆಯಲಿ. ಪುಣೆಯಲ್ಲಿ ಅವಳು ಗಂಡನ ವರ್ಗಾವಣೆಗೋಸ್ಕರ ತನ್ನ ಶಾಲೆಯ ನೌಕರಿ ಬಿಟ್ಟಳು ಅಂತ ಬರೆದಿದ್ದೀರಿ. ಅದೇ ಸಂಗತಿ ಬೇರೆ ರೂಪದಲ್ಲಿ ಇನ್ನೊಮ್ಮೆ ಬರಬೇಕು. ದಿಲ್ಲಿಯ ಮೇಳವೊಂದರಲ್ಲಿ ಅವನಿಗೆ ಮಳಿಗೆ ಸಿಗುತ್ತದೆ. ‘ನೀವೂ ಬರ್ರಿ’ ಅಂತ ಆಸೆಯಿಂದ ಕರೆಯುತ್ತಾನೆ. ಅದೇ ವಾರ ತೊಗರಿ ರಾಶಿ. ಅವಳು ಬರಲ್ಲ ಅನ್ನುತ್ತಾಳೆ. ಅವನ ಮುಖ ಸಪ್ಪಗಾಗುತ್ತದೆ. ಒಳ್ಳೆಯವನೇ ಆದರೂ ಬೇಜಾರಾಗುತ್ತದೆ, ಎರಡು ದಿನ ಫೋನ್ ಮಾಡಲ್ಲ. ಆ ಎರಡು ದಿನ ನೀಲಾಳ ಒಳಗೆ ಹಳೆಯ ಭಯ ಏಳುತ್ತದೆ: ಹೋಗಿಬಿಡಲೇ, ಇವನನ್ನೂ ಕಳೆದುಕೊಳ್ಳಲೇ? ಆ ಎರಡು ದಿನಕ್ಕೆ ಒಂದು ಇಡೀ ಅಧ್ಯಾಯ ಕೊಡಿ. ನಿಮ್ಮ ಕಾದಂಬರಿಯ ನಡುಮನೆ ಅದು.

ಅವನು ಬಂದು ಅವಳ ಹೊಲದ ತಕರಾರು ಬಿಡಿಸಿಕೊಡುವುದು ಮಾತ್ರ ಬೇಡ. ಒಂಬತ್ತನೆಯ ಅಧ್ಯಾಯದಲ್ಲಿ ಅವನು ಅವಳ ಪರವಾಗಿ ಅಣ್ಣನ ಜೊತೆ ಮಾತಾಡುತ್ತಾನಲ್ಲ, ಆ ಪುಟಗಳು ಹೋಗಲಿ. ಅದರ ಬದಲು ಅವನಿಗೂ ಒಂದು ಕಷ್ಟ ಕೊಡಿ. ಬೆಳ್ಳಿ ಬೆಲೆ ಏರುತ್ತಾ ಹೋದರೆ ಬಿದ್ರಿ ಮಾಡುವವನ ಗತಿ ಏನು? ಮುಂಗಡ ತೆಗೆದುಕೊಂಡ ಆರ್ಡರಿಗೆ ಹಳೆಯ ಬೆಲೆಯಲ್ಲೇ ಮಾಡಿಕೊಡಬೇಕು. ಆ ರಾತ್ರಿ ಅವನು ತಂತಿ ತೂಗುತ್ತಾ ಕುಳಿತಿರುವುದನ್ನು ನೀಲಾ ನೋಡಲಿ. ಲೆಕ್ಕ ಗೊತ್ತಿರುವವಳು ಅವಳು. ಸಹಾಯ ಮಾಡಲೋ ಬೇಡವೋ ಅಂತ ಅವಳಿಗೂ ತಿಳಿಯಬಾರದು.

ಈಗ ನೀವು ತಪ್ಪಿಸಿಕೊಂಡಿರುವ ಒಂದು ವಿಷಯ. ಹತ್ತು ಅಧ್ಯಾಯವಾದರೂ ಅವನಿಗೆ ಹೆಸರಿಲ್ಲ. ಬರೀ ‘ಅವನು’. ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಬಿದ್ರಿ ಕೆಲಸದಲ್ಲಿ ಮುಸ್ಲಿಂ ಕುಟುಂಬಗಳವರೇ ಜಾಸ್ತಿ, ಬೇರೆಯವರೂ ಇದ್ದಾರೆ. ಹೆಸರಿಟ್ಟ ಕೂಡಲೇ ಕಥೆ ಒಂದು ಕಡೆ ವಾಲುತ್ತದೆ ಅಂತ ನಿಮಗೆ ಅಂಜಿಕೆ. ಆದರೆ ನಮ್ಮ ಓದುಗರು ಮೊದಲು ಕೇಳುವುದೇ ‘ಯಾರ ಪೈಕಿ’ ಅಂತ. ಕಾದಂಬರಿ ಅದನ್ನು ಮುಚ್ಚಿಟ್ಟರೆ ಅವರಿಗೆ ಸುಳ್ಳು ಅನಿಸುತ್ತದೆ. ಒಂದು ತೀರ್ಮಾನ ಮಾಡಿ, ಹೆಸರಿಡಿ. ಮುಸ್ಲಿಂ ಅಂತಾದರೆ ಧೈರ್ಯವಾಗಿ, ಪ್ರೀತಿಯಿಂದ ಬರೆಯಿರಿ. ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುವ ತಾಯಿಯೇ ಮಗಳ ವಿಷಯ ಬಂದಾಗ ಬೇರೆ ಮನುಷ್ಯಳಾಗಬಹುದು. ಅವಳನ್ನು ಬೈಯದೆ, ಅವಳ ಒಳಗನ್ನು ತೋರಿಸಿ. ಅವರು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ನೋಟಿಸು 30 ದಿನ ಕಚೇರಿಯ ಗೋಡೆ ಮೇಲೆ ಇರುತ್ತದೆ, ಯಾರು ಬೇಕಾದರೂ ಓದಬಹುದು. ಆ 30 ದಿನದಲ್ಲಿ ಊರು, ಮನೆ, ಮಗಳು ಏನೇನು ಮಾಡುತ್ತಾರೆ ಅನ್ನುವುದು ಒಂದು ಇಡೀ ಭಾಗವಾಗುತ್ತದೆ.

ವಿಚ್ಛೇದನದ ಲೆಕ್ಕವನ್ನೂ ಸರಿಮಾಡಿಕೊಳ್ಳಿ. ನಿಮ್ಮಲ್ಲಿ ಎರಡೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯಿದ್ದರೂ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು. ಈ ಆರು ತಿಂಗಳನ್ನು ಕೋರ್ಟು ಮನಸ್ಸು ಮಾಡಿದರೆ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಪ್ರೀತಿ ಶುರುವಾಗುವಾಗ ನೀಲಾ ಕಾಗದದ ಪ್ರಕಾರ ಇನ್ನೂ ಇನ್ನೊಬ್ಬನ ಹೆಂಡತಿಯೇ ಆಗಿರಬಹುದು. ಅವಳ ಸಂಕೋಚಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕೇ?

ಎಂಟನೆಯ ಅಧ್ಯಾಯದಲ್ಲಿ ಅವರಿಬ್ಬರೂ ಒಂದೇ ದಿನ ಬೀದರ್ ಕೋಟೆ, ಅಷ್ಟೂರಿನ ಗುಂಬಜ್, ಗವಾನ್ ಮದರಸಾ ಎಲ್ಲ ನೋಡಿ ಬರುತ್ತಾರೆ. ಬೀದರಿನವನು ಬೀದರನ್ನು ಹಾಗೆ ತಿರುಗಲ್ಲ. ಊರಿನ ಕಣ್ಣು ತಪ್ಪಿಸಿ ಎರಡು ಮಾತಾಡಲು ಈ ವಯಸ್ಸಿನವರಿಗೆ ಜಾಗ ಎಲ್ಲಿದೆ ಅಂತ ಯೋಚಿಸಿ. ನನಗೆ ಹೊಳೆಯುವುದು ರೈಲು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ಮಾರ್ಗ ಪೂರ್ತಿ ತೆರೆದ ಮೇಲೆ, ಹುಮನಾಬಾದ್, ಕಮಲಾಪುರದ ಮೇಲೆ ನೇರವಾಗಿ ಬರಬಹುದು. ಎದುರುಬದುರು ಕುಳಿತ ಇಬ್ಬರನ್ನು ರೈಲಿನಲ್ಲಿ ಯಾರೂ ಪ್ರಶ್ನೆ ಮಾಡಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಹಂಚಿಕೊಂಡು ತಿನ್ನಲಿ. ಒಂದೇ ಒಂದು ನೋಡುವ ಜಾಗ ಇಟ್ಟುಕೊಳ್ಳಬೇಕೆಂದರೆ ಬೀದರಿನ ನರಸಿಂಹ ಝರಣಿ ಗುಹಾಗುಡಿ ಇಡಿ, ಅದೂ ಅವನ ಜೊತೆ ಬೇಡ. ಎದೆಮಟ್ಟದ ನೀರಿನಲ್ಲಿ, ಗುಹೆಯ ಕತ್ತಲಲ್ಲಿ, ತಾಯಿ–ಮಗಳು–ಮೊಮ್ಮಗಳು ಮೂವರೂ ಕೈ ಹಿಡಿದು ನಡೆಯಲಿ. ಮಗಳಿಗೆ ನೀವು ಇಲ್ಲಿಯವರೆಗೆ ಮಾತೇ ಕೊಟ್ಟಿಲ್ಲ. ‘ಮಮ್ಮಿ, ನೀನು ಆ ಅಂಕಲ್ ಜೊತೆ ಮಾತಾಡುವಾಗ ನಿನ್ನ ದನಿ ಬೇರೆ ಇರ್ತದ’ ಅಂತ ಅವಳು ಹೇಳಬಹುದಾದ ಜಾಗ ಅದು.

ಕಲಬುರಗಿ ಮಾತಿನ ಬಗ್ಗೆ ಅಂಜಬೇಡಿ. ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ಈ ಭಾಗದ ಮಾತಿನಲ್ಲೇ ಕಾದಂಬರಿ ಕಟ್ಟಿದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೀವು ನಿರೂಪಣೆಯನ್ನು ಸರಳ ಬರಹದ ಕನ್ನಡದಲ್ಲೇ ಇಡಿ, ಮಾತುಕತೆ ಮಾತ್ರ ಊರಿನದಾಗಲಿ. ಈಗ ನಿಮ್ಮ ನಾಯಕ ‘ನೀನಿಲ್ಲದೆ ಈ ಬದುಕು ಬರಿದಾಗಿದೆ’ ಅನ್ನುತ್ತಾನೆ. ಉಳಿ ಹಿಡಿಯುವ ಮನುಷ್ಯ ಹೀಗೆ ಮಾತಾಡಿದರೆ ನಂಬುವುದು ಕಷ್ಟ. ಹೀಗೆ ಬರೆದು ನೋಡಿ:

‘ಊಟ ಆಯ್ತೇನ್ರಿ?’

‘ಇಲ್ರಿ. ನೀವ್ ಬರ್ಲಿ ಅಂತ ಕುಂತೀನಿ. ರೊಟ್ಟಿ ತಣ್ಣಗಾದ್ರೂ ನಡೀತದ.’

ಹೇಳಬೇಕಾದ್ದು ಇಷ್ಟರಲ್ಲೇ ಬಂತು ಅಲ್ವಾ? ಎಲ್ಲರ ಬಾಯಲ್ಲೂ ಒಂದೇ ಮಾತು ಇಡಬೇಡಿ. ತಾಯಿಯದು ಹಳೆಯ ಕಲಬುರಗಿ ಮಾತು. ಮಗಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಬೆರೆತಿರುತ್ತದೆ. ಅವನ ಕನ್ನಡದಲ್ಲಿ ಅಲ್ಲಲ್ಲಿ ದಖನಿ ಉರ್ದುವಿನ ಒಂದು ‘ನಕ್ಕೋ’ (ಬೇಡ), ಒಂದು ‘ಹೌ’ (ಹೌದು) ಬರಲಿ. ಮತ್ತೆ ನೋಡಿ, ಪುಣೆಯ ಮನೆಯಲ್ಲಿ ಅವಳು ಗಂಡನಿಗೆ ‘ರೀ’ ಅನ್ನುತ್ತಿದ್ದಳು, ಅವನು ಅವಳಿಗೆ ‘ನೀ’ ಅನ್ನುತ್ತಿದ್ದ. ಇಲ್ಲಿ ಇಬ್ಬರೂ ಒಬ್ಬರಿಗೊಬ್ಬರು ‘ರೀ’ ಅನ್ನುತ್ತಾರೆ. ಮುಂದೆ ‘ನೀ’ಗೆ ಬರುವುದಾದರೆ ಇಬ್ಬರೂ ಬರಲಿ, ಆದರೆ ಮೊದಲು ಅವಳೇ ಬರಲಿ. ಅದನ್ನು ವಿವರಿಸಲು ಹೋಗಬೇಡಿ. ಓದುಗರಿಗೆ ಗೊತ್ತಾಗುತ್ತದೆ.

ಇನ್ನು ಗೆಳತಿಯರ ಪ್ರಶ್ನೆ. ಪ್ರೇಮ ಕಾದಂಬರಿ ಅಂತ ಪುಸ್ತಕ ಕೈಗೆತ್ತಿಕೊಂಡ ಓದುಗರಿಗೆ ಒಂದು ನಿರೀಕ್ಷೆ ಇರುತ್ತದೆ. ಅಮೆರಿಕದ ರೊಮಾನ್ಸ್ ಬರಹಗಾರರ ಸಂಘ ಹೇಳಿದ್ದೂ ಎರಡೇ ಮಾತು: ಕಥೆಯ ನಡುವೆ ಪ್ರೀತಿ ಇರಬೇಕು, ಕೊನೆಯಲ್ಲಿ ಮನಸ್ಸಿಗೆ ತೃಪ್ತಿ ಕೊಡುವ ಭರವಸೆ ಇರಬೇಕು. ಮದುವೆ ಅಂತ ಅಲ್ಲಿ ಎಲ್ಲೂ ಇಲ್ಲ. ಹಾಗಾಗಿ ಅವರನ್ನು ಸುಮ್ನೆ ದೂರ ಮಾಡಿ ಅವಳನ್ನು ಒಂಟಿಯಾಗಿ ಕೂರಿಸಬೇಡಿ. ತನ್ನನ್ನು ಕಂಡುಕೊಂಡ ಹೆಂಗಸು ಒಂಟಿಯಾಗಿಯೇ ಇರಬೇಕು ಅನ್ನುವುದೂ ಒಂದು ಶಿಕ್ಷೆಯೇ. ನನ್ನನ್ನು ಕೇಳಿದರೆ ಅವರು ಒಟ್ಟಿಗೆ ಇರಲಿ. ಮದುವೆಯಾದರೂ ಆಗಲಿ. ಆದರೆ ಅವಳ ಕೆಲಸ ಕಲಬುರಗಿಯಲ್ಲಿ, ಅವನ ಕೆಲಸ ಬೀದರಿನಲ್ಲಿ, ನಡುವೆ ರೈಲು. ಯಾರು ಯಾರ ಊರಿಗೆ ಬರಬೇಕು ಅನ್ನುವ ಮಾತನ್ನು ಕೊನೆಯ ಅಧ್ಯಾಯದಲ್ಲಿ ಇಬ್ಬರೂ ಕುಳಿತು ಆಡಲಿ. ಪಹಣಿಯಲ್ಲಿ ತನ್ನ ಹೆಸರು ಬಂದ ಮೇಲೆ ಆ ಮಾತು ಆಡುವ ನೀಲಾ ಬೇರೆ, ನಾಲ್ಕನೆಯ ಅಧ್ಯಾಯದ ನೀಲಾ ಬೇರೆ.

ಪುಟಗಳ ಬಗ್ಗೆ ಒಂದು ಮಾತು. ಇನ್ನೂರು ಪುಟದ ಕನ್ನಡ ಕಾದಂಬರಿ ಅಂದರೆ ಸುಮಾರು 45ರಿಂದ 50 ಸಾವಿರ ಪದ. ನಿಮ್ಮ ಹತ್ತು ಅಧ್ಯಾಯವೇ ಮೂವತ್ತು ಸಾವಿರ ದಾಟಿದೆ. ಪುಣೆಯ ಭಾಗ ಅರ್ಧಕ್ಕೆ ಇಳಿಯಲಿ. ಅವನು ನಾಲ್ಕನೆಯ ಅಧ್ಯಾಯದವರೆಗೆ ಕಾಯದೆ ಎರಡನೆಯದರಲ್ಲೇ ಒಮ್ಮೆ ಕಾಣಿಸಿಕೊಳ್ಳಲಿ, ರೈಲಿನಲ್ಲಿ, ಹೆಸರಿನ ಜೊತೆ.

ಮೊದಲು ಅಣ್ಣ ಕಾಗದ ತರುವ ಅಧ್ಯಾಯ ಬರೆಯಿರಿ, ಉಳಿದದ್ದು ಆಮೇಲೆ. ಬರೆಯುವ ಮುಂಚೆ ಬೀದರಿಗೆ ಹೋಗಿ, ಬಿದ್ರಿ ಮಾಡುವವರ ಹತ್ತಿರ ಒಂದು ಇಡೀ ದಿನ ಕುಳಿತು ಬನ್ನಿ. ಏನನ್ನೂ ಕೇಳಬೇಡಿ, ಕೈಗಳನ್ನು ನೋಡಿ. ಹೊಲದ ಪಾಲು, ವಿಚ್ಛೇದನ, ಮದುವೆ ನೋಟಿಸಿನ ಪುಟಗಳನ್ನು ಪರಿಚಯದ ವಕೀಲರೊಬ್ಬರಿಗೆ ಓದಿಸಿ. ಆಮೇಲೆ ಆ ಹೊಸ ಅಧ್ಯಾಯ ಕಳಿಸಿ, ಓದುತ್ತೇನೆ.